ಹೆಸರು ಹೇಳಿ ಹರಸುವ ವ್ಯಾಪಾರ

(ಯಕ್ಷಗಾನ, ರಂಗಭೂಮಿ, ಕಿರುತೆರೆ ಕಲಾವಿದರು ಮತ್ತು ರೀಲ್ಸ್ ಮಾಡುವ ಯುವಕ ಯುವತಿಯರು ಸೇರಿದ್ದ ಶಿವಮೊಗ್ಗದ ಸಭೆಯೊಂದರಲ್ಲಿ ಲೆಕ್ಕಪತ್ರ ಸಲಹೆಗಾರರೊಬ್ಬರು ಮಾಡಿದ ಉಪನ್ಯಾಸದ ಪರಿಷ್ಕೃತ ರೂಪ.)

ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಅಲ್ಲಿಯ ಕೋರಿಕೆ ಕಾರ್ಯಕ್ರಮಗಳಿಗೆ ಕಾರ್ಡು ಬರೆದವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ ಎಂದು ತಲೆಗೂದಲು ನೋಡಿಯೇ ಹೇಳಬಲ್ಲೆ. ಹಾಡು ಕಾರ್ಡು ಬರೆದವರಿಗೂ ಬರೆಯದವರಿಗೂ ಒಂದೇ ಸಮನೆ ಕೇಳಿಸುತ್ತಿತ್ತು. ಆದರೂ 15 ಪೈಸೆಯ ಕಾರ್ಡು ಕೊಂಡು, ಮನೆಮಂದಿಯ ಹೆಸರನ್ನೆಲ್ಲ ಒತ್ತೊತ್ತಾಗಿ ತುಂಬಿ, ಕೊನೆಯಲ್ಲಿ ಊರಿನ ಹೆಸರು ಬರೆದು ಡಬ್ಬಿಗೆ ಹಾಕುತ್ತಿದ್ದೆವು. ಉದ್ಘೋಷಕರು ಆ ಪಟ್ಟಿಯನ್ನು ಓದುವಾಗ ನಮ್ಮ ಹೆಸರು ಬಂದರೆ, ಆಮೇಲೆ ಬರುವ ಹಾಡಿನ ಕಡೆ ಯಾರಿಗೂ ಗಮನವೇ ಇರುತ್ತಿರಲಿಲ್ಲ. ನಾವು ಅಭಿಮಾನದಿಂದ ಕೇಳುವ ದನಿಯೊಂದು ನಮ್ಮ ಹೆಸರು ಹಿಡಿದು ಕರೆಯಬೇಕೆಂಬ ಆಸೆ ಮೊಬೈಲಿನ ಜೊತೆಗೆ ಹುಟ್ಟಿದ್ದಲ್ಲ. ಆಗ ಕಾರ್ಡಿನ ಖರ್ಚಷ್ಟೇ ಇತ್ತು, ಈಗ ದುಡ್ಡು ಕೊಟ್ಟರೆ ಕಲಾವಿದರು ನಮ್ಮ ಹೆಸರು ಹೇಳಿ ಹರಸುವ ವಿಡಿಯೊ ಮಾಡಿ ಕಳುಹಿಸುತ್ತಾರೆ, ಅದಕ್ಕೊಂದು ಬೆಲೆಪಟ್ಟಿ ಬಂದಿದೆ. ಆ ಬೆಲೆಪಟ್ಟಿಯ ಬಗ್ಗೆ, ಅದರ ಹಿಂದಿರುವ ದುಡಿಮೆಯ ಬಗ್ಗೆ ಮತ್ತು ಅದರಲ್ಲಿ ಕಲಾವಿದರು ಸಿಕ್ಕಿಬೀಳುವ ಜಾಗಗಳ ಬಗ್ಗೆ ನಾನು ಮಾತನಾಡುತ್ತೇನೆ.

ಇದನ್ನು ವ್ಯವಸ್ಥಿತ ವ್ಯಾಪಾರವಾಗಿ ಮೊದಲು ಬೆಳೆಸಿದ್ದು ಅಮೆರಿಕದ ಷಿಕಾಗೊ ನಗರದ ಕ್ಯಾಮಿಯೊ ಎಂಬ ಕಂಪನಿ, 2017ರಲ್ಲಿ. ನಟ, ಆಟಗಾರ, ಹಾಸ್ಯಗಾರ ಯಾರೇ ಇರಲಿ, ತಮ್ಮ ಬೆಲೆಯನ್ನು ತಾವೇ ನಿಗದಿಪಡಿಸುತ್ತಾರೆ; ಅಭಿಮಾನಿ ಹಣ ಕಟ್ಟಿ, ಯಾರಿಗೆ, ಯಾವ ಸಂದರ್ಭಕ್ಕೆ, ಏನು ಹೇಳಬೇಕು ಎಂದು ಬರೆದು ಕಳುಹಿಸುತ್ತಾನೆ; ಸಾಮಾನ್ಯವಾಗಿ ಒಂದು ವಾರದೊಳಗೆ ವಿಡಿಯೊ ಅವನ ಕೈ ಸೇರುತ್ತದೆ. ಕಂಪನಿ 25 ಶೇಕಡ ಇಟ್ಟುಕೊಂಡು 75 ಶೇಕಡ ಕಲಾವಿದನಿಗೆ ಕೊಡುತ್ತದೆ. ಕೊರೊನಾ ಕಾಲದಲ್ಲಿ ಚಿತ್ರೀಕರಣ ನಿಂತು ನಟರೆಲ್ಲ ಮನೆಯಲ್ಲಿ ಕುಳಿತಾಗ ಈ ವ್ಯಾಪಾರ ಏರಿತು. ಟಿವಿ ಹಾಸ್ಯ ಧಾರಾವಾಹಿಯೊಂದರಲ್ಲಿ ಸಣ್ಣ ಪಾತ್ರದಿಂದ ಜನಪ್ರಿಯರಾಗಿದ್ದ ಬ್ರಯಾನ್ ಬಾಮ್‌ಗಾರ್ಟ್‌ನರ್ ಎಂಬ ನಟ 2020ರಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಗಳಿಸಿದ್ದು ದೊಡ್ಡ ಸುದ್ದಿಯಾಯಿತು. 2021ರಲ್ಲಿ ಕಂಪನಿಯ ಮೌಲ್ಯವನ್ನು ನೂರು ಕೋಟಿ ಡಾಲರಿಗಿಂತ ಹೆಚ್ಚೆಂದು ಕಟ್ಟಿದರು. ಜನ ಮನೆಯಿಂದ ಹೊರಗೆ ಬಂದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕಂಪನಿ 87 ನೌಕರರನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಿಯೂ ಆ ಹೊತ್ತಿಗೆ ಮುಂಬೈಯ ಟ್ರಿಂಗ್‌ನಂತಹ ಆನ್‌ಲೈನ್ ವೇದಿಕೆಗಳು ಹುಟ್ಟಿಕೊಂಡಿದ್ದವು.

ಈ ದೊಡ್ಡವರ ಕಥೆ ಇಷ್ಟು ಸಾಕು. ನಮ್ಮ ಕಡೆ ಇದನ್ನು ಮಾಡುವವರು ಬೇರೆ ಥರದವರು. ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವ ನಟಿ, ಮೇಳದ ಹಾಸ್ಯಗಾರ, ಮಿಮಿಕ್ರಿ ಮಾಡುವ ಸಾಗರದ ಹುಡುಗ, ಪತ್ರೊಡೆ ಮತ್ತು ತಂಬುಳಿ ಮಾಡಿ ತೋರಿಸುವ ಗೃಹಿಣಿ. ಇವರ ಹೆಸರು ರಾಜ್ಯಕ್ಕೆಲ್ಲ ಗೊತ್ತಿರುವುದಿಲ್ಲ. ನಾಲ್ಕು ತಾಲ್ಲೂಕಿನ ಜನಕ್ಕೆ, ಆ ನಾಲ್ಕು ತಾಲ್ಲೂಕಿನಿಂದ ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಜನಕ್ಕೆ ಗೊತ್ತಿರುತ್ತದೆ. ಈ ವ್ಯಾಪಾರಕ್ಕೆ ಅಷ್ಟೇ ಬೇಕಾದದ್ದು. ಕೊಳ್ಳುವವರು ಯಾರು ಎಂದು ನೋಡಿದರೆ ಇದು ಅರ್ಥವಾಗುತ್ತದೆ: ತೀರ್ಥಹಳ್ಳಿ, ಹೊಸನಗರದ ಕಡೆ ದೊಡ್ಡ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿದ್ದಾರೆ, ಮಕ್ಕಳು ಹೊರಗಿದ್ದಾರೆ. ಅಪ್ಪನ ಎಂಬತ್ತಕ್ಕೆ ಬರಲು ರಜೆ ಸಿಗದ ಮಗ ಏನನ್ನು ಕಳುಹಿಸಬೇಕು? ಸ್ವೆಟರು ಮೂರಿದೆ, ಮೊಬೈಲು ಬಳಸಲು ಬರುವುದಿಲ್ಲ, ಸಿಹಿಯನ್ನು ಡಾಕ್ಟರು ಬೇಡವೆಂದಿದ್ದಾರೆ. ಅಪ್ಪ ರಾತ್ರಿಯಿಡೀ ನಿದ್ದೆಗೆಟ್ಟು ನೋಡುತ್ತಿದ್ದ ವೇಷಧಾರಿ ಅಪ್ಪನ ಹೆಸರು ಹೇಳಿದರೆ ಅದು ಸರಿಯಾದ ಉಡುಗೊರೆ ಎಂದು ಅವನಿಗೆ ತೋಚುತ್ತದೆ. ಸರಿಯಾಗಿಯೇ ತೋಚುತ್ತದೆ.

ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿ, ಅಂದರೆ ನಮ್ಮಲ್ಲಿ ಟಿವಿ ಬರುವುದಕ್ಕೆ ಮುಂಚೆಯೇ, ಒಂದು ಪ್ರಬಂಧ ಬರೆದಿದ್ದರು. ರೇಡಿಯೊ, ಟಿವಿಯಲ್ಲಿ ದಿನಾ ಕಾಣಿಸಿಕೊಳ್ಳುವ ವ್ಯಕ್ತಿಯ ಜೊತೆ ನೋಡುಗನಿಗೆ ನಿಜವಾದ ಪರಿಚಯದಂತಹದೇ ಸಲಿಗೆ ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯದು, ಆ ಕಡೆಯವನಿಗೆ ಇವನು ಯಾರೆಂದೇ ಗೊತ್ತಿರುವುದಿಲ್ಲ ಎಂಬುದು ಅವರ ವಾದದ ತಿರುಳು. ಹೆಸರು ಹೇಳುವ ವಿಡಿಯೊ ಈ ಒಂದೇ ಕಡೆಯ ಪರಿಚಯವನ್ನು ಮುಕ್ಕಾಲು ನಿಮಿಷದ ಮಟ್ಟಿಗೆ ಎರಡೂ ಕಡೆಯದಾಗಿಸುತ್ತದೆ. ದುಡ್ಡು ಕೊಡುವುದು ಅದಕ್ಕಾಗಿ. ಹಾಗಾಗಿ ಕ್ಯಾಮರಾ, ಲೈಟು, ಎಡಿಟಿಂಗ್ ಇವೆಲ್ಲಕ್ಕಿಂತ ಮುಖ್ಯವಾದದ್ದು ಗಿರಾಕಿ ಬರೆದು ಕಳುಹಿಸುವ ಎರಡು ಸಾಲಿನ ಕೋರಿಕೆ. ನನ್ನ ಮಾತಿನ ಮುಕ್ಕಾಲು ಪಾಲು ಆ ಎರಡು ಸಾಲಿನ ಬಗ್ಗೆಯೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಾನು ಲೆಕ್ಕ ಬರೆದುಕೊಡುವ ಹಾಸ್ಯಗಾರರೊಬ್ಬರಿಗೆ ಬಂದ ಕೋರಿಕೆ ಇಷ್ಟೇ ಇತ್ತು: ‘ಅಮ್ಮನ ಬರ್ತ್‌ಡೇ, ಒಂದು ವಿಶ್ ಮಾಡಿ, ಕಾಮಿಡಿ ಇರಲಿ.’ ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ಇದನ್ನು ಓದಿ ನೇರವಾಗಿ ವಿಡಿಯೊ ಮಾಡಿದರೆ ‘ಹುಟ್ಟುಹಬ್ಬದ ಶುಭಾಶಯಗಳು, ದೇವರು ಆಯುರಾರೋಗ್ಯ ಕೊಡಲಿ’ ಎನ್ನುವುದನ್ನು ಬಿಟ್ಟು ಹೇಳಲು ಏನೂ ಇರುವುದಿಲ್ಲ. ಅವರು ಹಾಗೆ ಮಾಡಲಿಲ್ಲ. ಮಗಳಿಗೆ ಫೋನು ಮಾಡಿ, ಅಮ್ಮನನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ, ಕಡೆಯ ಸಲ ಯಕ್ಷಗಾನದ ಆಟ ನೋಡಿದ್ದು ಯಾವಾಗ, ಈ ತಿಂಗಳಿನಲ್ಲಿ ಏನು ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದರು. ಮೊಣಕಾಲು ನೋವಿನಿಂದ ಅಮ್ಮ ಆಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ಆದರೆ ಅಪ್ಪೆಮಿಡಿ ಉಪ್ಪಿಗೆ ಹಾಕುವುದನ್ನು ಬಿಟ್ಟಿಲ್ಲ ಎಂಬುದು ತಿಳಿಯಿತು. ಕೊನೆಗೆ ಅವರು ಹೇಳಿದ್ದು ಹೀಗೆ; ಹೆಸರನ್ನು ನಾನು ಬಿಟ್ಟಿದ್ದೇನೆ:

‘ಅಮ್ಮಾ, ಮಿಡಿ ಉಪ್ಪಿಗೆ ಹಾಕಿ ಆಯ್ತಾ? ಮೊಣಕಾಲು ನೋವು ಅಂತ ಆಟಕ್ಕೆ ಬರೋದು ಬಿಟ್ರಂತೆ, ಜಾಡಿ ಎತ್ತೋಕೆ ಮಾತ್ರ ನೋವಿಲ್ಲಂತೆ! ನಾನು ಹೇಳ್ತಿರೋದಲ್ಲ ಮತ್ತೆ, ಬೆಂಗಳೂರಲ್ಲಿರೋ ನಿಮ್ಮ ದೊಡ್ಡ ಮಗಳ ದೂರು ಇದು. ಅವಳೇ ದುಡ್ಡು ಕೊಟ್ಟು ಹೇಳಿಸ್ತಾ ಇದ್ದಾಳೆ. ಎಪ್ಪತ್ತು ತುಂಬಿತಂತೆ, ಈ ಸಲ ನಮ್ಮ ಮೇಳ ನಿಮ್ಮೂರಿಗೆ ಬಂದಾಗ ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಾಕಿಸ್ತೀನಿ, ಬರಬೇಕು.’

ಅರ್ಧ ನಿಮಿಷದ ಮಾತು. ಇದರಲ್ಲಿ ಅಮ್ಮನಿಗೆ ಸಂತೋಷ ಕೊಡುವ ಪ್ರತಿಯೊಂದು ವಿವರವೂ ಕೋರಿಕೆಯನ್ನು ಬಿಡಿಸಿ ಕೇಳಿದ್ದರಿಂದ ಬಂದದ್ದು. ಹಾಗೆಯೇ ಈ ವಿಡಿಯೊವನ್ನು ಬೇರೆ ಯಾರಿಗೂ, ಬೇರೆ ಯಾವುದಕ್ಕೂ ಬಳಸಲು ಬರುವುದಿಲ್ಲ ಎಂಬುದನ್ನೂ ಗಮನಿಸಿ. ಹೇಳಿಸಿದವರು ಯಾರು, ಯಾರಿಗೆ, ಯಾವ ಕಾರಣಕ್ಕೆ ಎಂಬುದೆಲ್ಲ ಮಾತಿನೊಳಗೇ ಹೆಣೆದುಕೊಂಡಿದೆ. ಸಂದೇಶ ಎಷ್ಟು ನಿರ್ದಿಷ್ಟವಾಗಿರುತ್ತದೋ ಕೊಂಡವನಿಗೆ ಅದು ಅಷ್ಟು ಬೆಲೆಯುಳ್ಳದ್ದು, ಮಾರಿದವನಿಗೆ ಅಷ್ಟು ಕ್ಷೇಮ. ನನಗೆ ತಿಳಿದ ಮಟ್ಟಿಗೆ ಈ ಕಸುಬಿನಲ್ಲಿ ಲಾಭ ಮತ್ತು ರಕ್ಷಣೆ ಒಂದೇ ಕಡೆಗೆ ಎಳೆಯುವ ಜಾಗ ಇದೊಂದೇ.

ಹೆಸರಿನ ಉಚ್ಚಾರದ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರನ್ನು ನಂಬಬೇಡಿ. ರಮಣ ಎಂಬವರನ್ನೂ ರಾಮಣ್ಣ ಎಂಬವರನ್ನೂ ಜನ ಒಂದೇ ರೀತಿಯಲ್ಲಿ ಟೈಪು ಮಾಡಿ ಕಳುಹಿಸುತ್ತಾರೆ. ಹೆಸರು ತಪ್ಪಿದರೆ ಇಡೀ ವಿಡಿಯೊ ವ್ಯರ್ಥ, ಏಕೆಂದರೆ ಮಾರಿದ್ದೇ ಆ ಹೆಸರನ್ನು. ವಾಟ್ಸ್‌ಆ್ಯಪ್‌ನಲ್ಲಿ ಹೆಸರನ್ನು ಬಾಯಲ್ಲಿ ಹೇಳಿ ಕಳುಹಿಸಿ ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಅಜ್ಜಯ್ಯ ಎನ್ನುತ್ತಾರೋ ತಾತ ಎನ್ನುತ್ತಾರೋ, ಅಮ್ಮಮ್ಮ ಎನ್ನುತ್ತಾರೋ ಅಜ್ಜಿ ಎನ್ನುತ್ತಾರೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಯಕ್ಷಗಾನದವರಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ, ಅಷ್ಟೇ ದೊಡ್ಡ ತೊಡಕೂ ಇದೆ. ಮೇಳದ ತಿರುಗಾಟ ಮಳೆಗಾಲಕ್ಕೆ ನಿಲ್ಲುತ್ತದೆ. ಜೂನಿನಿಂದ ದೀಪಾವಳಿಯ ಆಸುಪಾಸಿನವರೆಗೆ ಹೆಚ್ಚಿನ ಕಲಾವಿದರಿಗೆ ಖಾಯಂ ಸಂಪಾದನೆ ಇರುವುದಿಲ್ಲ. ಹುಟ್ಟುಹಬ್ಬಕ್ಕೆ ಆಷಾಢದ ಅಡ್ಡಿಯಿಲ್ಲ, ಆದ್ದರಿಂದ ಆರ್ಡರ್ ಬರುತ್ತಲೇ ಇರುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮನೆಯಲ್ಲಿ ರೆಕಾರ್ಡಿಂಗ್ ಮಾಡಿದವರಿಗೆ ಗೊತ್ತು: ಜಗಲಿಯ ಮೇಲೆ ತಗಡು ಹಾಕಿಸಿದ್ದರೆ ಮಳೆಯ ಸದ್ದಿಗೆ ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸುವುದಿಲ್ಲ, ಇನ್ನು ಮೊಬೈಲಿನ ಮೈಕಿಗೆ ಏನು ಕೇಳಿಸೀತು? ಒಬ್ಬರು ಅಕ್ಕಿ ಚೀಲ ಇಡುವ ಒಳಕೋಣೆಯಲ್ಲಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ರೆಕಾರ್ಡ್ ಮಾಡುತ್ತಾರೆ. ಚೀಲಗಳು ಸದ್ದನ್ನು ಹೀರಿಕೊಳ್ಳುವುದರಿಂದ ಅಲ್ಲಿ ದನಿ ಬಲು ಚೆನ್ನಾಗಿ ಬರುತ್ತದೆ. ಸ್ಟುಡಿಯೊದವರು ಗೋಡೆಗೆ ಮೆತ್ತೆ ಹೊಡೆಯುವುದೂ ಇದಕ್ಕೇ. ಆಮೇಲೆ ಕರೆಂಟು ಹೋಗುತ್ತದೆ, ಟವರೂ ಹೋಗುತ್ತದೆ. ಆಗುಂಬೆಯವರು, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಸೀಮೆಯವರು ವಿಡಿಯೊ ಕಳುಹಿಸಲು ಬೈಕು ಹತ್ತಿ ಸಿಗ್ನಲ್ ಸಿಗುವ ತಿರುವಿನವರೆಗೆ ಹೋಗುವುದು ಹೊಸದೇನಲ್ಲ. ಆದ್ದರಿಂದ ಮಳೆಗಾಲದಲ್ಲಿ ‘ನಾಳೆಯೇ ಕೊಡುತ್ತೇನೆ’ ಎಂದು ಒಪ್ಪಿಕೊಳ್ಳಬೇಡಿ. ಹುಟ್ಟುಹಬ್ಬದ ವಿಡಿಯೊ ಮರುದಿನ ತಲುಪಿದರೆ ಹಣ ವಾಪಸು ಕೊಡುವುದೇ ಮರ್ಯಾದೆ.

ವೇಷದಲ್ಲಿ ಮಾಡಿಕೊಡಿ ಎಂದು ಕೇಳುವವರು ಹೆಚ್ಚು. ವೇಷವೆಂದರೆ ಬಣ್ಣ ಬರೆಯುವುದು, ಉಡುಗೆ ಬಿಗಿಯುವುದು, ಕಟ್ಟಲು ಇನ್ನೊಬ್ಬರ ಕೈ ಬೇಕು, ಮುಗಿದ ಮೇಲೆ ಬಣ್ಣ ತೆಗೆಯಬೇಕು. ಒಂದು ವಿಡಿಯೊಗಾಗಿ ಇಷ್ಟು ಮಾಡಿದರೆ ಕೂಲಿಯೂ ಹುಟ್ಟುವುದಿಲ್ಲ. ಆದ್ದರಿಂದ ವೇಷದ ಆರ್ಡರುಗಳನ್ನು ಕೂಡಿಟ್ಟು, ತಿಂಗಳಿಗೊಂದೋ ಎರಡೋ ದಿನ ಗೊತ್ತು ಮಾಡಿ, ಒಂದೇ ವೇಷದಲ್ಲಿ ಎಲ್ಲವನ್ನೂ ಮುಗಿಸುವುದು ಲೆಕ್ಕಕ್ಕೆ ಸರಿ. ಯಾವ ವೇಷ ಎಂಬುದೂ ಒಂದು ಪ್ರಶ್ನೆ. ಮಹಿಷಾಸುರ ‘ಹ್ಯಾಪಿ ಬರ್ತ್‌ಡೇ’ ಹೇಳಬಹುದೇ ಎಂದು ಹಿರಿಯ ಭಾಗವತರೊಬ್ಬರು ಸಿಟ್ಟಿನಿಂದಲೇ ಕೇಳಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಹಾಸ್ಯಗಾರ ಹೇಳಬಹುದು. ರಂಗದ ಮೇಲೂ ಅವನು ಪ್ರಸಂಗದ ಕಾಲವನ್ನು ಬಿಟ್ಟು ಇಂದಿನ ಪೇಟೆಯ ಮಾತಿಗೆ ಬಂದು ಹೋಗುವವನೇ. ಕೈಯೆತ್ತಿ ಹರಸುವ ದೇವಿಯ ವೇಷದಲ್ಲಿ ಮಾತ್ರ ದುಡ್ಡಿಗಾಗಿ ಹೆಸರು ಹಿಡಿದು ಹರಸುವುದು ನನಗೆ ಒಗ್ಗುವುದಿಲ್ಲ. ಹರಕೆಯ ಆಟದಲ್ಲಿ ಸೇವಾಕರ್ತರು ದುಡ್ಡು ಕೊಡುವುದಿಲ್ಲವೇ ಎಂದು ವಾದಿಸಬಹುದು. ಕೊಡುತ್ತಾರೆ, ಆದರೆ ಅಲ್ಲಿ ಆಟವನ್ನು ಊರೆಲ್ಲ ನೋಡುತ್ತದೆ. ಇದನ್ನು ನಿಮ್ಮ ನಿಮ್ಮ ಮೇಳದಲ್ಲಿ ಮಾತನಾಡಿ ತೀರ್ಮಾನಿಸಿ. ಮೇಳದ ಹೆಸರು, ಉಡುಗೆ ಬಳಸುವುದಿದ್ದರೆ ಯಜಮಾನರ ಒಪ್ಪಿಗೆ ಹೇಗೂ ಬೇಕು.

ಬೆಲೆಯ ವಿಷಯಕ್ಕೆ ಬರುತ್ತೇನೆ. ಒಂದು ವಿಡಿಯೊಗೆ 1,000 ರೂಪಾಯಿ ಇಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಕ್ಯಾಮಿಯೊದಂತೆ ಕಾಲುಭಾಗ ಮುರಿಯುವ ವೇದಿಕೆಯಾದರೆ ನಿಮಗೆ 750. ಕೋರಿಕೆ ಓದಿ ಫೋನು ಮಾಡಲು ಹತ್ತು ನಿಮಿಷ, ಅಂಗಿ ಬದಲಿಸಿ ಸ್ಟ್ಯಾಂಡು ನಿಲ್ಲಿಸಲು ಹತ್ತು ನಿಮಿಷ, ಎರಡು ಮೂರು ಟೇಕಿಗೆ ಹತ್ತು ನಿಮಿಷ, ಕಳುಹಿಸಿ ತಲುಪಿತೇ ಎಂದು ಕೇಳಲು ಇನ್ನು ಹತ್ತು. ಮುಕ್ಕಾಲು ನಿಮಿಷದ ವಿಡಿಯೊಗೆ ನಲವತ್ತು ನಿಮಿಷದ ದುಡಿಮೆ. ಬೆಲೆಯನ್ನು 200 ರೂಪಾಯಿಗೆ ಇಳಿಸಿದರೆ ಕೈಗೆ ಬರುವುದು 150, ದುಡಿಮೆ ಅಷ್ಟೇ. ಆಗ ಏನಾಗುತ್ತದೆ? ಫೋನು ಮಾಡುವುದು ಬಿಟ್ಟುಹೋಗುತ್ತದೆ, ಹೆಸರೊಂದನ್ನು ಬದಲಿಸಿ ಅದೇ ನಾಲ್ಕು ಮಾತು ಹೇಳಲಾರಂಭಿಸುತ್ತೀರಿ. ಅಣ್ಣ ತಂಗಿ ಇಬ್ಬರಿಗೂ ಒಂದೇ ವಿಡಿಯೊ ಬಂದದ್ದು ಯಾವುದೋ ಮದುವೆ ಮನೆಯಲ್ಲಿ ಹೊರಬೀಳುತ್ತದೆ, ಅಲ್ಲಿಗೆ ಆ ಸೀಮೆಯಲ್ಲಿ ನಿಮ್ಮ ವ್ಯಾಪಾರ ಮುಗಿಯಿತು. ಕಡಿಮೆ ಬೆಲೆಗೆ ಹೆಚ್ಚು ಮಾರುವ ಲೆಕ್ಕ ಈ ಕಸುಬಿಗೆ ಹೊಂದುವುದಿಲ್ಲ. ದಿನಕ್ಕೆ ಎಷ್ಟು ಕೋರಿಕೆಯನ್ನು ಗಮನವಿಟ್ಟು ಓದಬಲ್ಲಿರೋ ಅಷ್ಟನ್ನೇ ಒಪ್ಪಿಕೊಂಡು, ಅದಕ್ಕೆ ತಕ್ಕ ಬೆಲೆ ಇಡಿ.

ವೇದಿಕೆ ಬೇಡ, ನೇರವಾಗಿ ವಾಟ್ಸ್‌ಆ್ಯಪ್ ಮತ್ತು ಯುಪಿಐ ಮೂಲಕ ಮಾಡುತ್ತೇನೆ ಎನ್ನುವವರಿಗೆ ಕಮಿಷನ್ ಉಳಿಯುತ್ತದೆ, ಆದರೆ ಚೌಕಾಸಿ, ವಸೂಲಿ, ಜಗಳ ಎಲ್ಲವೂ ಸ್ವಂತದ್ದಾಗುತ್ತದೆ. ಹಣ ಪೂರ್ತಿ ಮುಂಗಡ ಬರಲಿ. ಹಣ ಕಳುಹಿಸಿದ ಸ್ಕ್ರೀನ್‌ಶಾಟ್ ಕಂಡ ಮಾತ್ರಕ್ಕೆ ವಿಡಿಯೊ ಕೊಡಬೇಡಿ, ಬ್ಯಾಂಕಿನ ಖಾತೆಗೆ ಬಂತೇ ಎಂದು ನೋಡಿ. ಸುಳ್ಳು ಸ್ಕ್ರೀನ್‌ಶಾಟ್ ತಯಾರಿಸುವುದು ಮಕ್ಕಳಿಗೂ ಬರುತ್ತದೆ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ, ಒತ್ತಿ ಎಂದು ಹೇಳುವವನು ಕಳ್ಳ. ಇನ್ನು ನೆಂಟರ ಸಮಸ್ಯೆ. ‘ಭಾವ, ನಮ್ಮ ಪಾಪುಗೆ ಒಂದು ವಿಶ್ ಮಾಡಿ ಕಳಿಸೋ, ಎರಡು ನಿಮಿಷದ ಕೆಲಸ’ ಎಂಬ ಕೋರಿಕೆಗೆ ಕಾನೂನಿನಲ್ಲಾಗಲಿ ಲೆಕ್ಕಶಾಸ್ತ್ರದಲ್ಲಾಗಲಿ ಪರಿಹಾರವಿಲ್ಲ. ಮಾಡಿಕೊಡಿ.

ಈಗ ಅಪಾಯದ ಭಾಗ. ನೀವು ಮಾರುತ್ತಿರುವುದು ನಿಮ್ಮ ಮುಖ ಮತ್ತು ದನಿ, ಅದರಲ್ಲಿ ಆಡಿಸುವ ಮಾತು ಅಪರಿಚಿತನದ್ದು. 2018ರಲ್ಲಿ ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರ ಬ್ರೆಟ್ ಫಾರ್ವ್ ಕ್ಯಾಮಿಯೊದಲ್ಲಿ ಬಂದ ಕೋರಿಕೆಯೊಂದನ್ನು ಬರೆದಿದ್ದಂತೆಯೇ ಓದಿದರು. ಅದು ಸೈನಿಕರಿಗೆ ಸಂಬಂಧಿಸಿದ ಪ್ರೋತ್ಸಾಹದ ಮಾತೆಂದು ಅವರು ತಿಳಿದಿದ್ದರು. ಅದರೊಳಗೆ ಯಹೂದಿ ದ್ವೇಷಿಗಳ ಗುಂಪು ಬಳಸುವ ಸಂಕೇತಗಳಿದ್ದವು. ಗೊತ್ತಾಗುವ ಹೊತ್ತಿಗೆ ವಿಡಿಯೊ ಆ ಗುಂಪುಗಳಲ್ಲಿ ಹರಿದಾಡಿತ್ತು, ಅವರು ಬಹಿರಂಗವಾಗಿ ವಿವರಣೆ ಕೊಡಬೇಕಾಯಿತು. ಇನ್ನೊಂದು ಪ್ರಕರಣ ಇದಕ್ಕಿಂತ ಚಾಣಾಕ್ಷತನದ್ದು. ಹಾಲಿವುಡ್ ನಟ ಎಲೈಜಾ ವುಡ್ ಸೇರಿದಂತೆ ಕೆಲವು ಪ್ರಸಿದ್ಧರಿಗೆ, ‘ವ್ಲಾದಿಮಿರ್’ ಎಂಬ ಗೆಳೆಯನಿಗೆ ವ್ಯಸನದಿಂದ ಹೊರಬರಲು ನೆರವು ಪಡೆ ಎಂದು ಬುದ್ಧಿ ಹೇಳಬೇಕೆಂಬ ಕೋರಿಕೆ ಬಂತು. ಅವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ವಿಡಿಯೊಗಳನ್ನು ತಿದ್ದಿ, ಮಾಧ್ಯಮ ಸಂಸ್ಥೆಗಳ ಗುರುತುಗಳನ್ನು ಅಂಟಿಸಿ, ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿಯವರಿಗೇ ಹೇಳಿದ ಮಾತೆಂಬಂತೆ ರಷ್ಯಾ ಪರ ಪ್ರಚಾರಕ್ಕೆ ಬಳಸಿದ್ದನ್ನು 2023ರ ಡಿಸೆಂಬರಿನಲ್ಲಿ ಮೈಕ್ರೊಸಾಫ್ಟ್ ಕಂಪನಿಯ ವರದಿ ಬಯಲು ಮಾಡಿತು.

ಎರಡೂ ಕಡೆ ಎಡವಿದ್ದು ಒಂದೇ ಜಾಗದಲ್ಲಿ. ಯಾರು ಹೇಳಿಸುತ್ತಿದ್ದಾರೆ ಎಂಬುದು ಮಾತಿನೊಳಗೆ ಇರಲಿಲ್ಲ, ಯಾರಿಗೆ ಎಂಬುದೂ ಬರೀ ಒಂದು ಹೆಸರಾಗಿ ಉಳಿದಿತ್ತು. ‘ನಿನ್ನ ತಂಗಿ ಹೇಳಿಸುತ್ತಿದ್ದಾಳೆ, ಕಾಲೇಜಿನಲ್ಲಿ ಜೊತೆಗಿದ್ದ ಇಂಥ ಗೆಳೆಯ ಹೇಳಿಸುತ್ತಿದ್ದಾನೆ’ ಎಂಬ ಮಾತನ್ನು ನಡುವೆ ಸೇರಿಸಿದ್ದರೆ ಅದನ್ನು ಕತ್ತರಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಶುರುವಿನಲ್ಲಿ ಹೇಳಿದರೆ ಶುರುವನ್ನು ಕತ್ತರಿಸುತ್ತಾರೆ, ಆದ್ದರಿಂದ ನಡುವೆಯೇ ಹೇಳಿ.

ನಮ್ಮಲ್ಲಿ ಝೆಲೆನ್‌ಸ್ಕಿ ಇಲ್ಲ ಎಂದು ನಗಬೇಡಿ. ಸೊಸೈಟಿ ಚುನಾವಣೆ ಇದೆ, ಪಂಚಾಯಿತಿ ಚುನಾವಣೆ ಇದೆ, ದೇವಸ್ಥಾನದ ಸಮಿತಿ ಇದೆ, ದಾಯಾದಿಗಳ ನಡುವೆ ತೋಟದ ಗಡಿಯ ಜಗಳ ಇದೆ. ‘ಅಣ್ಣಾ, ಕೊಟ್ಟ ಮಾತಿಗೆ ತಪ್ಪಬೇಡ’ ಎಂದು ತಮಾಷೆಯ ದನಿಯಲ್ಲಿ ಹೇಳಿ ಎಂಬ ಕೋರಿಕೆ ಬಂದರೆ, ಆ ಅಣ್ಣ ಯಾರು, ಮಾತು ಯಾವುದು ಎಂದು ಕೇಳದೆ ಬಾಯಿ ಬಿಡಬೇಡಿ. ವಿಡಿಯೊ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಿದ್ದ ಮರುದಿನ ನೀವು ಒಂದು ಪಕ್ಷದವರಾಗಿರುತ್ತೀರಿ. ಹುಡುಗನೊಬ್ಬ ‘ಅವಳು ನಿಮ್ಮ ಫ್ಯಾನ್, ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನೀವು ಹೇಳಿದರೆ ಕೇಳುತ್ತಾಳೆ’ ಎಂದು ಬರೆದರೆ ಎಷ್ಟೇ ದುಡ್ಡು ಕೊಟ್ಟರೂ ಬೇಡ ಎನ್ನಿ. ಮಾತು ಬಿಟ್ಟವಳಿಗೆ ಅದರ ಕಾರಣ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಬೇಡ ಎನ್ನುವುದಕ್ಕೆ ಕಾರಣ ವಿವರಿಸುತ್ತಾ ಕೂರಬೇಕಿಲ್ಲ, ಹಣ ಹಿಂದಿರುಗಿಸಿ ‘ಇದನ್ನು ಮಾಡಿಕೊಡಲು ಆಗುವುದಿಲ್ಲ’ ಎಂದರೆ ಮುಗಿಯಿತು.

ಹುಟ್ಟುಹಬ್ಬದ ವೇಷ ಹಾಕಿಕೊಂಡು ಜಾಹೀರಾತು ಬರುವುದು ಇದಕ್ಕಿಂತ ಸಾಮಾನ್ಯ. ‘ನಮ್ಮ ಅಂಗಡಿಗೆ ಹತ್ತು ವರ್ಷ ತುಂಬಿತು, ಒಂದು ಶುಭಾಶಯ ಹೇಳಿ’ ಎಂದು 1,000 ರೂಪಾಯಿ ಕಟ್ಟುತ್ತಾರೆ. ನೀವು ‘ಅಲ್ಲಿಯ ಸೀರೆ ಬಹಳ ಚೆಂದ’ ಎಂದು ಉಪಚಾರಕ್ಕೆ ಒಂದು ಮಾತು ಸೇರಿಸುತ್ತೀರಿ. ಅದು ಮುಂದಿನ ಮೂರು ವರ್ಷ ಅವರ ಪೇಜಿನಲ್ಲಿ ಓಡುತ್ತದೆ. ಕ್ಯಾಮಿಯೊದಂತಹ ವೇದಿಕೆಗಳಲ್ಲಿ ಖಾಸಗಿ ಸಂದೇಶಕ್ಕೆ ಒಂದು ದರ, ವ್ಯಾಪಾರದ ಬಳಕೆಗೆ ಬೇರೆಯೇ ಒಂದು, ಬಹಳ ಹೆಚ್ಚಿನ ದರ. ನೀವೂ ಹಾಗೆಯೇ ಎರಡು ದರ ಇಡಿ, ಎಲ್ಲಿ, ಎಷ್ಟು ತಿಂಗಳು ಬಳಸಬಹುದು ಎಂದು ಬರೆದುಕೊಡಿ. ಇದು ದುಡ್ಡಿನ ಮಾತಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡು ಸಮರ್ಥಿಸಿದವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಹಣ ಪಡೆದು ಹೊಗಳಿದ್ದರೆ ಅದನ್ನು ನೋಡುಗರಿಗೆ ಕಾಣುವಂತೆ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೂ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿಯೂ ಮಾರ್ಗಸೂಚಿ ಹೊರಡಿಸಿವೆ. ಅಮೆರಿಕದಲ್ಲಿ ಇದೇ ವಿಷಯಕ್ಕೆ, ಹಣ ಕೊಟ್ಟು ಹೇಳಿಸಿದ್ದು ಎಂದು ತಿಳಿಸದ ವಿಡಿಯೊಗಳ ಕಾರಣಕ್ಕೆ, 2024ರಲ್ಲಿ ಕ್ಯಾಮಿಯೊ ಮೇಲೆ 30 ರಾಜ್ಯಗಳು ಕ್ರಮ ಕೈಗೊಂಡು 6 ಲಕ್ಷ ಡಾಲರ್ ದಂಡ ನಿಗದಿಪಡಿಸಿದವು. ಕಟ್ಟುವ ಶಕ್ತಿ ಕಂಪನಿಗೆ ಇಲ್ಲವೆಂದು ಕಂಡು 1 ಲಕ್ಷ ಡಾಲರಿಗೆ ಇಳಿಸಬೇಕಾಯಿತು. ಬೆಟ್ಟಿಂಗ್ ಆ್ಯಪ್‌ನವರು, ‘ಗ್ಯಾರಂಟಿ ಲಾಭ’ದ ಷೇರು ಸಲಹೆಗಾರರು ಕೂಡ ಗೆಳೆಯನ ಹುಟ್ಟುಹಬ್ಬದ ನೆಪದಲ್ಲಿಯೇ ಬರುತ್ತಾರೆ. ಸಂದೇಶದಲ್ಲಿ ಕಂಪನಿಯ ಹೆಸರು ಅಥವಾ ಫೋನ್ ನಂಬರು ಇದ್ದರೆ ಅದು ಖಾಸಗಿ ಕೋರಿಕೆಯಲ್ಲ ಎಂದು ತಿಳಿಯಿರಿ.

ತೆರಿಗೆಯ ಬಗ್ಗೆ ಮಾತನಾಡದಿದ್ದರೆ ನನ್ನನ್ನು ಕರೆಸಿದ್ದಕ್ಕೆ ಅರ್ಥವಿರುವುದಿಲ್ಲ, ಆದರೆ ಚಿಕ್ಕದಾಗಿ ಹೇಳುತ್ತೇನೆ. ಇದು ಆದಾಯ, ಉಡುಗೊರೆಯಲ್ಲ. ಸೇವೆ ಒದಗಿಸುವವರ ಒಟ್ಟು ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಯೂಟ್ಯೂಬಿನಿಂದ ಬಂದದ್ದು, ಕಾರ್ಯಕ್ರಮದಿಂದ ಬಂದದ್ದು, ವಿಡಿಯೊದಿಂದ ಬಂದದ್ದು ಎಲ್ಲವನ್ನೂ ಕೂಡಿಸಿ ನೋಡಬೇಕು. ಜಾನಪದ ಅಥವಾ ಶಾಸ್ತ್ರೀಯ ಕಲೆಯ ಪ್ರದರ್ಶನಕ್ಕೆ ಕಲಾವಿದ ಪಡೆಯುವ ಸಂಭಾವನೆ 1.5 ಲಕ್ಷ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ, ಆದರೆ ಹುಟ್ಟುಹಬ್ಬದ ವಿಡಿಯೊವೂ ಪ್ರದರ್ಶನವೇ ಎಂದು ನೀವಾಗಿಯೇ ತೀರ್ಮಾನಿಸಿಕೊಳ್ಳಬೇಡಿ. ವೇದಿಕೆಯವರು ಮೂಲದಲ್ಲೇ ತೆರಿಗೆ ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸದೆ ಅದು ವಾಪಸು ಬರುವುದಿಲ್ಲ. ಯುಪಿಐಗೆ ಬಂದ ಹಣ ಯಾರಿಗೂ ಕಾಣುವುದಿಲ್ಲ ಎಂಬ ಭ್ರಮೆ 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗಲೇ ಹೋಗಿರಬೇಕು. ಗಿರಾಕಿಯ ಹೆಸರು, ದಿನಾಂಕ, ಮೊತ್ತ, ಸಂದರ್ಭ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಬನ್ನಿ. ಮುಂದೆ ವಿಡಿಯೊ ದುರ್ಬಳಕೆಯಾದರೆ ಇದೇ ಪುಸ್ತಕ ಸಾಕ್ಷಿಗೂ ಒದಗುತ್ತದೆ.

ಮಕ್ಕಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮುದ್ದಾಗಿ ಮಾತನಾಡುವ ಆರು ವರ್ಷದ ಮಗುವಿನ ರೀಲ್ಸ್ ಓಡಿತು, ಈಗ ಆ ಮಗುವಿನಿಂದ ಶುಭಾಶಯ ಹೇಳಿಸಿ ತಂದೆತಾಯಿ ಹಣ ಪಡೆಯುತ್ತಿದ್ದಾರೆ. ಬಾಲ ಕಲಾವಿದರನ್ನು ಸಿನಿಮಾ, ಟಿವಿಯಂತಹ ಕಡೆ ದುಡಿಸುವ ನಿರ್ಮಾಪಕರಿಗೆ 2017ರ ಕೇಂದ್ರದ ನಿಯಮಗಳಲ್ಲಿ ಸ್ಪಷ್ಟ ಷರತ್ತುಗಳಿವೆ: ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರಬಾರದು, ಆದಾಯದ ಕನಿಷ್ಠ 20 ಶೇಕಡವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಾಗಿ ಇಡಬೇಕು. ಮನೆಯೊಳಗೆ ಅಪ್ಪನೇ ನಿರ್ಮಾಪಕನಾದಾಗ ಇದನ್ನೆಲ್ಲ ಕೇಳುವವರು ಯಾರು? ಆರ್ಡರ್ ಬಂದಿದೆ ಎಂದು ಜ್ವರ ಬಂದ ಮಗುವಿಗೆ ಲಂಗ ತೊಡಿಸಿ ನಗಿಸಿದವರನ್ನು ನಾನು ಬಲ್ಲೆ. ಮಗುವಿನ ಮುಖ ತೋರಿಸಿ, ಹೆಸರು ಗೊತ್ತಿಲ್ಲದ ಗಂಡಸರಿಗೆ ‘ಲವ್ ಯೂ ಅಂಕಲ್’ ಎಂದು ಹೇಳಿಸುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸಲಹೆ ಒಂದೇ, ಮಕ್ಕಳನ್ನು ಈ ವ್ಯಾಪಾರಕ್ಕೆ ಇಳಿಸಬೇಡಿ.

ಕೊನೆಯದಾಗಿ ಕೃತಕ ಬುದ್ಧಿಮತ್ತೆ. ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಜೋಡಿಸಿದ ಪ್ರಕರಣ 2023ರ ನವೆಂಬರಿನಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಅದಕ್ಕೂ ಮುಂಚೆ 2022ರಲ್ಲಿ ಅಮಿತಾಭ್ ಬಚ್ಚನ್, 2023ರ ಸೆಪ್ಟೆಂಬರಿನಲ್ಲಿ ಅನಿಲ್ ಕಪೂರ್ ತಮ್ಮ ಹೆಸರು, ದನಿ, ಚಹರೆಯನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟಿನಿಂದ ಆದೇಶ ಪಡೆದಿದ್ದರು. ನಮ್ಮ ಹಾಸ್ಯಗಾರರು ದೆಹಲಿಗೆ ಹೋಗಿ ದಾವೆ ಹೂಡುವುದು ಆಗದ ಮಾತು. ಶುಭಾಶಯದ ವಿಡಿಯೊಗಳಲ್ಲಿ ಮುಖ ಕ್ಯಾಮರಾಕ್ಕೆ ನೇರವಾಗಿರುತ್ತದೆ, ಹಿಂದೆ ಸಂಗೀತ ಇರುವುದಿಲ್ಲ, ಮಾತು ಸ್ಪಷ್ಟವಾಗಿರುತ್ತದೆ. ದನಿಯನ್ನೂ ಮುಖವನ್ನೂ ನಕಲು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆದು ಬುಕಿಂಗ್ ಹಣ ಪಡೆಯುವವರು ಕಂಡರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ನಿಜವಾದ ನಂಬರು ಯಾವುದೆಂದು ನಿಮ್ಮ ಪೇಜಿನ ಮೇಲ್ಭಾಗದಲ್ಲಿಯೇ ಹಾಕಿಡಿ.

ಕಳ್ಳರಿಗಿಂತ ಮೊದಲು ನೋಡಬೇಕಾದದ್ದು ನೀವೇ ಸಹಿ ಹಾಕುವ ಕರಾರು. ವೇದಿಕೆಗೆ ಸೇರುವಾಗ ‘ಒಪ್ಪುತ್ತೇನೆ’ ಎಂದು ಒತ್ತುವ ಉದ್ದನೆಯ ಇಂಗ್ಲಿಷ್ ಬರಹದಲ್ಲಿ, ನಿಮ್ಮ ವಿಡಿಯೊಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ತಮ್ಮ ಪ್ರಚಾರಕ್ಕೆ ಬಳಸುತ್ತಾರೆಯೇ, ಅದರಿಂದ ನಿಮ್ಮ ದನಿಯ ಕೃತಕ ರೂಪ ತಯಾರಿಸಲು ಅನುಮತಿ ಕೇಳಿದ್ದಾರೆಯೇ ಎಂಬುದನ್ನು ಹುಡುಕಿ ಓದಿ, ಓದಲು ಬಾರದಿದ್ದರೆ ಓದಿಸಿ. ಕೃತಕ ದನಿಗೆ ಅನುಮತಿ ಕೊಟ್ಟ ಮೇಲೆ ಮಗಳಿಗೆ ಫೋನು ಮಾಡಿ ಉಪ್ಪಿನಕಾಯಿಯ ಬಗ್ಗೆ ಕೇಳುವ ಕೆಲಸ ಯಂತ್ರಕ್ಕೆ ಬೇಕಿಲ್ಲ, ನಿಮ್ಮ ದನಿಯಲ್ಲಿ ಸಾವಿರ ಹೆಸರು ಹೇಳಿ ಕಳುಹಿಸುತ್ತದೆ, ಆ ಸಾವಿರದಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಅದೇ ಕರಾರಿನ ಇನ್ನೊಂದು ಕಲಮಿನಲ್ಲಿರುತ್ತದೆ. ಇಂತಹ ಕರಾರು ಕೈಯಲ್ಲಿರುವವರು ಇದ್ದರೆ ಚಹಾದ ಹೊತ್ತಿನಲ್ಲಿ ತೋರಿಸಿ, ಕೂತು ಓದೋಣ.